‘ನಿನ್ನೆಯೇ ಕಳುಹಿಸಿದ್ದೇನೆ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ: ಪೀಣ್ಯದ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸರಕು ರವಾನೆಯ ಲೆಕ್ಕ ನೋಡಿಕೊಳ್ಳುತ್ತೇನೆ. ಹತ್ತನೆಯ ತರಗತಿಯವರೆಗೆ ಓದಿದ್ದು ತುಮಕೂರಿನ ಹತ್ತಿರದ ಕನ್ನಡ ಶಾಲೆಯಲ್ಲಿ. ಈಗ ದಿನಕ್ಕೆ ಹತ್ತು ಹನ್ನೆರಡು ಮೇಲ್ ಇಂಗ್ಲಿಷಿನಲ್ಲಿ ಬರೆಯಬೇಕು.

ಮೊನ್ನೆ ಪುಣೆಯ ಗಿರಾಕಿಗೆ ‘ಐ ಹ್ಯಾವ್ ಸೆಂಟ್ ದ ಮೆಟೀರಿಯಲ್ ಯೆಸ್ಟರ್‌ಡೇ’ ಎಂದು ಬರೆದೆ. ನಮ್ಮ ಮ್ಯಾನೇಜರ್ ‘ಹ್ಯಾವ್’ ಹೊಡೆದುಹಾಕಿದರು. ಸರಿ, ಹ್ಯಾವ್ ಬೇಡ ಎಂದುಕೊಂಡು ಮರುದಿನ ನನ್ನ ಪರಿಚಯದಲ್ಲಿ ‘ಐ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್’ ಎಂದು ಬರೆದರೆ, ‘ಏನು, ಕೆಲಸ ಬಿಟ್ಟಿರಾ?’ ಎಂದು ಕೇಳಿದರು. ಕಾರಣ ಕೇಳಿದರೆ ‘ಅದು ಹಾಗೆಯೇ’ ಎನ್ನುತ್ತಾರೆ. ಕಾಲಗಳ ಕೋಷ್ಟಕ ನನಗೆ ಬಾಯಿಪಾಠವಿದೆ. ಬೇಕಾಗಿರುವುದು ಕಾರಣ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಉತ್ತರ: ಬಸವನಗುಡಿಯ ನಿವೃತ್ತ ಶಿಕ್ಷಕಿ

ನಿಮ್ಮ ಕನ್ನಡ ಸರಿಯಾಗಿದೆ, ತೊಡಕು ಹುಟ್ಟಿರುವುದೇ ಅಲ್ಲಿಂದ. ‘ಕಳುಹಿಸಿದ್ದೇನೆ’ ಎಂದರೆ ಕಳುಹಿಸಿ ಇದ್ದೇನೆ: ಕೆಲಸ ಮುಗಿದಿದೆ, ಅದರ ಫಲ ಈಗಲೂ ಇದೆ. ‘ಹ್ಯಾವ್ ಸೆಂಟ್’ ಹೇಳುವುದೂ ಅದನ್ನೇ. ಆದರೆ ನಮ್ಮ ‘ಇದ್ದೇನೆ’ಗೆ ಪಕ್ಕದಲ್ಲಿ ‘ನಿನ್ನೆ’ ಬಂದು ಕುಳಿತರೂ ಅಡ್ಡಿಯಿಲ್ಲ, ಇಂಗ್ಲಿಷಿನ ಹ್ಯಾವ್ ಅದನ್ನು ಒಪ್ಪುವುದಿಲ್ಲ. ಹ್ಯಾವ್ ವರ್ತಮಾನದ ಪದ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2019 ಎಂದು ಮುಗಿದುಹೋದ ಸಮಯವನ್ನು ಹೆಸರಿಸಿದೊಡನೆ ಅದು ಜಾಗ ಬಿಡಬೇಕು. ದಿನ ಹೇಳದೆ ‘ಐ ಹ್ಯಾವ್ ಸೆಂಟ್ ದ ಮೆಟೀರಿಯಲ್’ ಎಂದಷ್ಟೇ ಬರೆದಿದ್ದರೆ ಸರಿಯಾಗುತ್ತಿತ್ತು. ಟುಡೇ ಸೇರಿಸಿದರೂ ಸರಿಯೇ, ಇವತ್ತು ಇನ್ನೂ ಮುಗಿದಿಲ್ಲವಲ್ಲ.

ಎರಡನೆಯದಕ್ಕೆ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಎನ್ನಿ. ನಾವು ‘ಮೂರು ವರ್ಷದಿಂದ ಮಾಡುತ್ತಿದ್ದೇನೆ’ ಎಂದರೆ ಸಾಕು. ಅಂದು ಶುರುವಾದದ್ದು ಇಂದಿನವರೆಗೂ ನಡೆದು ಬಂದಿದೆ ಎಂಬುದನ್ನು ಇಂಗ್ಲಿಷಿನಲ್ಲಿ ಕ್ರಿಯಾಪದವೇ ತೋರಿಸಬೇಕು. ಇನ್ನೊಂದು ಮಾತು. ಅವಧಿಗೆ ಫಾರ್, ಶುರುವಾದ ದಿನಕ್ಕೆ ಸಿನ್ಸ್. ಕನ್ನಡದಲ್ಲಿ ಎರಡಕ್ಕೂ ‘ಇಂದ’ ಇರುವುದರಿಂದಲೇ ‘ಸಿನ್ಸ್ ತ್ರೀ ಇಯರ್ಸ್’ ಎಂಬ ತಪ್ಪು ಬೆಂಗಳೂರಿನ ತುಂಬ ಕೇಳಿಸುತ್ತದೆ.

ಉತ್ತರ: ರಾಜಾಜಿನಗರದ ತಂದೆ

ಏಳನೆಯ ತರಗತಿಯಲ್ಲಿರುವ ನನ್ನ ಮಗ ‘ಡಿಡ್ ನಾಟ್ ವೆಂಟ್’ ಎಂದೇ ಬರೆಯುತ್ತಾನೆ. ಎಷ್ಟು ತಿದ್ದಿದರೂ ನಿಲ್ಲುವುದಿಲ್ಲ. ಮೇಡಂ, ಇದಕ್ಕೂ ಕನ್ನಡದಲ್ಲೇ ಕಾರಣ ಸಿಗುತ್ತದೆಯೇ?

ಉತ್ತರ: ಬಸವನಗುಡಿಯ ನಿವೃತ್ತ ಶಿಕ್ಷಕಿ

ಕಾರಣವಲ್ಲ, ಮದ್ದು ಸಿಗುತ್ತದೆ. ‘ಹೋದನು’ ಎಂಬುದಕ್ಕೆ ನಿಷೇಧ ಹೇಳು ಎಂದು ಅವನನ್ನು ಕೇಳಿ. ‘ಹೋಗಲಿಲ್ಲ’ ಎನ್ನುತ್ತಾನೆ. ‘ಹೋದಲಿಲ್ಲ’ ಎಂದು ಯಾವ ಮಗುವೂ ಹೇಳುವುದಿಲ್ಲ. ‘ಇಲ್ಲ’ ಬಂದಾಗ ಭೂತಕಾಲದ ಗುರುತು ಕಳಚಿ ‘ಹೋಗು’ ಮತ್ತೆ ಕಾಣಿಸಿಕೊಳ್ಳುತ್ತದೆ. ಡಿಡ್ ಬಂದಾಗಲೂ ವೆಂಟ್ ಕಳಚಿ ಗೋ ಬರುತ್ತದೆ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದ ದಿನ ನನ್ನ ತರಗತಿಯಲ್ಲಿ ಮಕ್ಕಳ ಮುಖ ಅರಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಆದರೆ ಎಲ್ಲ ಕಡೆಯೂ ಕನ್ನಡ ಹೀಗೆ ಕೈಹಿಡಿಯುವುದಿಲ್ಲ. ಗಾಂಧಿಬಜಾರಿನ ಹೋಟೆಲಿನಲ್ಲಿ ಮಾಣಿಯನ್ನು ಕರೆದರೆ ‘ಬಂದೆ, ಬಂದೆ’ ಎನ್ನುತ್ತಾನೆ, ಇನ್ನೂ ಅಡುಗೆಮನೆಯ ಬಾಗಿಲಲ್ಲೇ ಇರುತ್ತಾನೆ. ಅಲ್ಲಿ ಭೂತಕಾಲ ಕೊಡುವುದು ಬರುವ ಭರವಸೆಯನ್ನು. ಇಂಗ್ಲಿಷಿನಲ್ಲಿ ಅದು ‘ಐ ಆಮ್ ಕಮಿಂಗ್’.

ಪ್ರಶ್ನೆ ಕೇಳಿದವರು: ಪೀಣ್ಯದ ಗುಮಾಸ್ತ

ಮೇಡಂ, ತುಂಬ ಧನ್ಯವಾದಗಳು. ಇವತ್ತು ಹೀಗೆ ಬರೆದಿದ್ದೇನೆ: ‘ದ ಲಾರಿ ಲೆಫ್ಟ್ ಪೀಣ್ಯ ಅಟ್ ಸಿಕ್ಸ್ ಅಂಡ್ ಹ್ಯಾಸ್ ಕ್ರಾಸ್ಡ್ ಹುಬ್ಬಳ್ಳಿ.’ ಇನ್ನೂ ಕಳುಹಿಸಿಲ್ಲ. ಸರಿಯಿದೆಯೇ?

ಉತ್ತರ: ಬಸವನಗುಡಿಯ ನಿವೃತ್ತ ಶಿಕ್ಷಕಿ

ಸರಿಯಿದೆ, ಕಳುಹಿಸಿ. ಹೊರಟ ಗಂಟೆ ಹೇಳಿದ್ದೀರಿ, ಆದ್ದರಿಂದ ಲೆಫ್ಟ್. ಹುಬ್ಬಳ್ಳಿ ದಾಟಿದ ಗಂಟೆಯನ್ನೂ ಸೇರಿಸುವುದಾದರೆ ಅಲ್ಲಿಯೂ ಹ್ಯಾಸ್ ತೆಗೆಯಿರಿ.