ಹೆಸರಿದೆ, ಉಪ್ಪಿಲ್ಲ

"ನೋಡಿ ಗಣಪಣ್ಣ, ಸರ್ ಸಾಲ್ಟರ್ ಸ್ಕಾಟ್ ಹೊರಟಾಯ್ತು," ಎಂದು ರವಿ ಮೊಬೈಲನ್ನು ಮಂಡಕ್ಕಿ ಒಗ್ಗರಣೆಯ ತಟ್ಟೆಯ ಮೇಲೆ ಹಿಡಿದ.

"ಯಾರು, ನಿನ್ನ ಹೊಸ ಮ್ಯಾನೇಜರಾ? ಎಲ್ಲಿಗೆ, ರಜೆಗಾ?"

"ಮ್ಯಾನೇಜರಲ್ಲ. ಲಾರಿ. ರಸ್ತೆಗೆ ಉಪ್ಪು ಹಾಕುವ ಲಾರಿ."

ಗಣಪಣ್ಣ ಕಡಲೆಬೀಜ ಆರಿಸುವುದನ್ನು ನಿಲ್ಲಿಸಿದರು. ಲಿವಿಂಗ್‌ಸ್ಟನ್ನಿನಲ್ಲಿ ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ. ಮಧ್ಯಾಹ್ನ ಅಂತ ಗಡಿಯಾರ ಹೇಳುತ್ತಿತ್ತು, ಕಿಟಕಿ ಒಪ್ಪುತ್ತಿರಲಿಲ್ಲ. ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಸೂರ್ಯ ಮುಕ್ಕಾಲು ಗಂಟೆ ಮುಂಚೆಯೇ ಊಟದ ಡಬ್ಬಿ ಕಟ್ಟಿಕೊಂಡು ಮನೆಗೆ ಹೊರಡುವ ಗುಮಾಸ್ತನ ಹಾಗೆ.

"ಆ ಲಾರಿಗಳ ಸುದ್ದಿ ನನ್ನ ಮುಂದೆ ತೆಗೆಯಬೇಡ. ಗುರುವಾರದ್ದೇ ಇನ್ನೂ ಕರಗಿಲ್ಲ."

"ಇವರದ್ದು ಶುರುವಾಯ್ತು," ಎಂದು ಪದ್ಮಕ್ಕ ಮಿರ್ಚಿ ಕರಿಯಲು ಒಳಗೆ ಹೋದರು. ಗುರುವಾರದಿಂದ ಇದು ಆರನೇ ಸಲ.

"ಬೆಳಗ್ಗೆ ಆರೂವರೆ. ಗಾಜಿನ ಮೇಲೆ ಬೆರಳು ದಪ್ಪ ಐಸು. ಕೆರೆಯುವ ಸಾಮಾನು ಸಿಗಲಿಲ್ಲ, ಸೂಪರ್‌ಮಾರ್ಕೆಟ್ಟಿನ ಕಾರ್ಡಿನಲ್ಲಿ ಕೆರೆದೆ. ಕಾರ್ಡು ಎರಡು ತುಂಡಾಯ್ತು. ಎಂಟೂಮುಕ್ಕಾಲು ಪೌಂಡಿನ ಪಾಯಿಂಟ್ಸು ಇತ್ತು ಅದರಲ್ಲಿ. ಹೋಗಲಿ. ಎಂ-8 ಹೆದ್ದಾರಿ ಹತ್ತಿದೆ, ಗ್ಲಾಸ್ಗೋ ಕಡೆಗೆ. ಹಾರ್ಟ್‌ಹಿಲ್ ಬಂತು. ರಸ್ತೆ ಸುಮ್ನೆ ಒದ್ದೆಯಾಗಿದೆ ಅಂದುಕೊಂಡೆ."

"ಬ್ಲಾಕ್ ಐಸ್," ಎಂದ ಗುರು.

"ನಾನು ಹೇಳುತ್ತಿದ್ದೇನಲ್ಲ. ನಮ್ಮೂರ ಬಾವಿಕಟ್ಟೆಯ ಪಾಚಿಗೆ ಹಸಿರು ಬಣ್ಣವಾದರೂ ಇದೆ, ಮರ್ಯಾದೆಯಿಂದ ಮೊದಲೇ ಹೇಳಿ ಬೀಳಿಸುತ್ತೆ. ಇದಕ್ಕೆ ಬಣ್ಣವೇ ಇಲ್ಲ. ಇದ್ದಕ್ಕಿದ್ದ ಹಾಗೆ ಟೈರಿನ ಸದ್ದು ನಿಂತಿತು. ಸ್ಟೀರಿಂಗು ಖಾಲಿ ಕೊಡ ಹಿಡಿದ ಹಾಗೆ ಹಗುರ. ಬ್ರೇಕ್ ಒತ್ತಿದೆ. ಕಾರು 'ಏನಂದ್ರಿ?' ಅಂತಲೂ ಕೇಳಲಿಲ್ಲ. ಮುಂದಿನ ಟ್ರಕ್ಕಿನ ಹಿಂಭಾಗ ನಿಧಾನಕ್ಕೆ ಹತ್ತಿರ ಬಂತು. ನನಗೂ ಅವಸರವಿಲ್ಲ, ಅದಕ್ಕೂ ಇಲ್ಲ. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಇಬ್ಬರೂ ಸಂಕೋಚದಿಂದ. ಒಂದು ಮೊಳ ಇದ್ದಾಗ ನಿಂತಿತು. ಸತ್ಯನಾರಾಯಣನಿಗೆ ಅಷ್ಟರಲ್ಲಿ ಮೂರು ಪೂಜೆ ಸಾಲ ಮಾಡಿಯಾಗಿತ್ತು."

"ಹೆದ್ದಾರಿ ನಿಯಮದ ಪುಸ್ತಕದಲ್ಲೇ ಇದೆಯಲ್ಲ, ಐಸಿನ ಮೇಲೆ ಕಾರು ನಿಲ್ಲೋಕೆ ಹತ್ತು ಪಟ್ಟು ದೂರ ಬೇಕಾಗಬಹುದು ಅಂತ," ಎಂದ ಗುರು. "ಅದಕ್ಕೇ ಜರ್ಮನಿಯಲ್ಲಿ ಐಸು ಹಿಮದ ರಸ್ತೆಗೆ ಚಳಿಗಾಲದ ಟೈರು ಕಡ್ಡಾಯ. ನಾನು ಸ್ಟುಟ್‌ಗಾರ್ಟಿನಲ್ಲಿದ್ದಾಗ..."

ಗುರು ಸ್ಟುಟ್‌ಗಾರ್ಟಿನಲ್ಲಿ ಇದ್ದದ್ದು ಹದಿನಾಲ್ಕು ತಿಂಗಳು. ಅಲ್ಲಿಂದ ಬಂದು ಒಂಬತ್ತು ವರ್ಷವಾಯ್ತು, ಇನ್ನೂ ಪೂರ್ತಿ ಬಂದಿಲ್ಲ.

"ಅಲ್ಲ ಗಣಪಣ್ಣ," ರವಿ ಬಿಡಲಿಲ್ಲ, "ಅವತ್ತು ಲಾರಿ ಹೋಗಿತ್ತು. ಯಾವ ಲಾರಿ ಎಲ್ಲಿದೆ ಅಂತ ಮೊಬೈಲಿನಲ್ಲಿ ತೋರಿಸುವ ನಕ್ಷೆ ಇದೆಯಲ್ಲ, ಅದರಲ್ಲಿ ನೋಡಿದ್ದೆ. ಉಪ್ಪು ಹಾಕಿದ ಮೇಲೆ ಮಳೆ ಬಂದರೆ ತೊಳೆದುಹೋಗುತ್ತೆ. ಆಮೇಲೆ ಹೆಪ್ಪುಗಟ್ಟುತ್ತೆ. ಜೊತೆಗೆ ಉಪ್ಪು ತಾನೇ ತಾನಾಗಿ ಕೆಲಸ ಮಾಡಲ್ಲ, ಮೇಲೆ ಗಾಡಿ ಓಡಾಡಿ ಅರೆಯಬೇಕು. ಆರೂವರೆಗೆ ಗಾಡಿ ಎಲ್ಲಿರುತ್ತೆ?"

"ಅಂದರೆ ಅರೆಯೋಕೆ ನನ್ನನ್ನು ಕಳಿಸಿದ್ದು ಅನ್ನು."

ರವಿ ಇಂಥದ್ದಕ್ಕೆಲ್ಲ ಬಗ್ಗುವವನಲ್ಲ. ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ತೋರಿಸಿದ. ಸ್ಕಾಟ್ಲೆಂಡಿನಲ್ಲಿ ಇಂಥ ಲಾರಿ ಇನ್ನೂರಕ್ಕೂ ಜಾಸ್ತಿ. ಬಹಳಷ್ಟಕ್ಕೆ ಹೆಸರಿದೆ. ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಉಪ್ಪು ಮೆತ್ತಿಕೊಂಡು 'ಸಾಲ್ಟರ್' ಆಗಿದ್ದಾನೆ. ಕವಿ ರಾಬರ್ಟ್ ಬರ್ನ್ಸ್ ಚಳಿಗೆ ನಡುಗಿ 'ರಾಬರ್ಟ್ ಬ್ರ್‌ರ್‌ರ್ನ್ಸ್' ಆಗಿದ್ದಾನೆ. ಟೆನಿಸ್ಸಿನ ಆಂಡಿ ಮರ್ರಿ ಹಿಮದ ಉದುರು ಅನ್ನುವ ಅರ್ಥದಲ್ಲಿ 'ಸರ್ ಆಂಡಿ ಫ್ಲರಿ' ಆಗಿದ್ದಾನೆ. ರಸ್ತೆಗೆ ಹಾಕುವ ಉಪ್ಪಿಗೆ ಇಲ್ಲಿ 'ಗ್ರಿಟ್' ಅನ್ನುತ್ತಾರೆ, ಹಾಗಾಗಿ ಹಾಡುಗಾರ್ತಿ ಬ್ರಿಟ್ನಿ 'ಗ್ರಿಟ್ನಿ ಸ್ಪಿಯರ್ಸ್' ಕೂಡ ಇದ್ದಾಳೆ. ಶಾಲೆ ಮಕ್ಕಳು ಹೆಸರು ಸೂಚಿಸುತ್ತಾರೆ, ಜನ ಓಟು ಹಾಕುತ್ತಾರೆ.

"ಇಂಗ್ಲೆಂಡಿನಲ್ಲೂ ಇದೆ," ಎಂದ ಗುರು. "2017ರಲ್ಲಿ ಡಾಂಕಾಸ್ಟರಿನವರು ಸ್ಪರ್ಧೆ ಇಟ್ಟಿದ್ದರು. ಹಳೆಯ ಇಂಗ್ಲಿಷ್ ಹಾಡೊಂದನ್ನು ತಿರುಚಿ ಒಂದು ಲಾರಿಗೆ 'ಗ್ರಿಟ್ಸಿ ಬಿಟ್ಸಿ ಟೀನಿ ವೀನಿ ಯೆಲ್ಲೋ ಆ್ಯಂಟಿ-ಸ್ಲಿಪ್ ಮಶೀನಿ' ಅಂತ ಹೆಸರು ಬಂತು."

"ಅದನ್ನು ಓದಿ ಮುಗಿಸುವಷ್ಟರಲ್ಲಿ ನಾನು ಮುಂದಿನ ಕಾರಿನ ಡಿಕ್ಕಿಯೊಳಗೆ ಇರುತ್ತೇನೆ."

ಎಲ್ಲರೂ ನಕ್ಕರು. ಗಣಪಣ್ಣ ನಗಲಿಲ್ಲ.

"ನೋಡಿ, ನಕ್ಕಿರಿ. ಇದೇ ನನ್ನ ತಕರಾರು. ನಗಿಸಿದವನನ್ನು ಬೈಯೋದು ಹೇಗೆ? ಮೊದಲು ಲಾರಿ ಬರದಿದ್ದರೆ ಫೋನ್ ಮಾಡಿ ಬೈಯಬಹುದಿತ್ತು. ಈಗ ಫೋನ್ ಎತ್ತಿ, 'ಸಾರ್, ಗ್ರಿಟ್ನಿ ಸ್ಪಿಯರ್ಸ್ ಇನ್ನೂ ಬಂದಿಲ್ಲ' ಅಂತ ದೂರು ಕೊಡೋಕೆ ಐವತ್ತೆರಡು ವರ್ಷದ ಮನುಷ್ಯನಿಗೆ ನಾಲಿಗೆ ಏಳುತ್ತಾ?"

"ಅದರಲ್ಲೂ ಪದ್ಮಕ್ಕ ಪಕ್ಕದಲ್ಲಿದ್ದರೆ," ಎಂದ ಗುರು.

"ನಮ್ಮೂರ ಲಾರಿಗಳಿಗೂ ಹೆಸರಿರುತ್ತಲ್ಲ," ಪದ್ಮಕ್ಕ ಬಾಣಲೆಯ ಸದ್ದಿನ ನಡುವಿನಿಂದಲೇ ಕೂಗಿದರು. "ಶ್ರೀ ಮಂಜುನಾಥ ಪ್ರಸನ್ನ. ತಾಯಿಯ ಆಶೀರ್ವಾದ."

"ಅದು ಹೆದರಿಕೆಗೆ ಇಟ್ಟ ಹೆಸರು ಮಾರಾಯ್ತಿ. ಮಂಜುನಾಥನ ಹೆಸರು ಬರೆಸಿಕೊಂಡು ಮರಳು ಕಮ್ಮಿ ಹಾಕಿದರೆ ಧರ್ಮಸ್ಥಳದ ಲೆಕ್ಕಕ್ಕೆ ಹೋಗುತ್ತೆ. ಗ್ರಿಟ್ನಿಗೆ ಯಾವ ಲೆಕ್ಕ?"

ಮಿರ್ಚಿ ಬಂತು. ಐದು ನಿಮಿಷ ಮಾತು ಊದಿಕೊಂಡು ತಿನ್ನುವ ಮಟ್ಟಕ್ಕೆ ಇಳಿಯಿತು. ಆಮೇಲೆ ಯಾರೋ 2010ರ ಸುದ್ದಿ ತೆಗೆದರು. ಆ ಡಿಸೆಂಬರಿನಲ್ಲಿ ಇದೇ ಎಂ-8ರಲ್ಲಿ ನೂರಾರು ಜನ ರಾತ್ರಿಯಿಡೀ ಕಾರಿನಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಸಾರಿಗೆ ಮಂತ್ರಿ ಮೊದಲು ವ್ಯವಸ್ಥೆ ಭರ್ಜರಿಯಾಗಿತ್ತು ಎಂದರು. ವಾರ ತುಂಬುವುದರೊಳಗೆ ರಾಜೀನಾಮೆ ಕೊಟ್ಟರು.

"ಹಿಮ ಬಿತ್ತು ಅಂತ ರಾಜೀನಾಮೆಯಾ!" ಪದ್ಮಕ್ಕನಿಗೆ ನಂಬಿಕೆಯೇ ಬರಲಿಲ್ಲ. "ಮಳೆ ಬಿತ್ತು ಅಂತ ನಮ್ಮಲ್ಲಿ ಶುರುವಾದರೆ ಜೂನಿನಲ್ಲಿ ವಿಧಾನಸೌಧಕ್ಕೆ ಬೀಗ ಹಾಕಬೇಕು."

"ಯಾಕೆ ಕೊಟ್ಟರು ಗೊತ್ತಾ?" ಎಂದರು ಗಣಪಣ್ಣ. "ಅವತ್ತು ಜನ ಕೂಗಿದ್ದು ಮಂತ್ರಿಯ ಹೆಸರು. ಲಾರಿಯದಲ್ಲ."

ರವಿಯ ಮಗಳು ಸಿರಿ ಅಲ್ಲಿಯವರೆಗೆ ಮಂಡಕ್ಕಿಯಿಂದ ಕರಿಬೇವು ತೆಗೆದು ತಟ್ಟೆಯ ಅಂಚಿಗೆ ಅಂಟಿಸುತ್ತಿದ್ದಳು. "ದೊಡ್ಡಪ್ಪ, ನಾನೂ ಹೆಸರು ಬರೆದುಕೊಟ್ಟಿದ್ದೆ ಸ್ಕೂಲಲ್ಲಿ."

"ಏನಂತ?"

"ಉಪ್ಪಿನಕಾಯಿ."

"ಗೆದ್ದೆಯಾ?"

"ಟೀಚರಿಗೆ ಓದೋಕೆ ಬರಲಿಲ್ಲ."

ಗಣಪಣ್ಣನ ಮುಖ ಆಗ ಮೊದಲ ಬಾರಿ ಸಡಿಲವಾಯಿತು. "ಅನ್ಯಾಯ! ಅಲ್ಲ ಮಕ್ಕಳೇ, ಇವರು ಉಪ್ಪಿನ ಮೇಲೆ ಹೆಸರು ಹುಡುಕೋಕೆ ಅಷ್ಟು ಒದ್ದಾಡುತ್ತಾರೆ. ನಮ್ಮಲ್ಲಿ ರೆಡಿ ಇದೆಯಲ್ಲ. 'ಉಪ್ಪಿನಂಗಡಿ' ಅಂತ ಇಡಿ. ಊರಿಗೆ ಊರೇ ಲಾರಿ ಮೇಲೆ."

"ಉಪ್ಪಿ!" ಎಂದ ಗುರು. "ಅಭಿಮಾನಿಗಳು ಎಂ-8ಕ್ಕೇ ಬಂದು ಹಾಲಿನ ಅಭಿಷೇಕ ಮಾಡುತ್ತಾರೆ."

"ಹಾಲೂ ಹೆಪ್ಪುಗಟ್ಟಿ ಇನ್ನೊಂದು ಪದರ ಐಸು. ಬೇಡ. 'ಉಪ್ಪಿಟ್ಟು'! ಉಪ್ಪು ಇಟ್ಟು ಹೋಗುತ್ತೆ, ಅರ್ಥಕ್ಕೆ ಅರ್ಥ. ಮೇಲಾಗಿ ಅದಕ್ಕೆ ಕಾಂಕ್ರೀಟ್ ಅಂತ ಮೊದಲಿಂದಲೂ ಬಿರುದಿದೆ. ರಸ್ತೆ ಇಲಾಖೆಗೆ ಹೇಳಿ ಮಾಡಿಸಿದ್ದು."

"ನಿಮ್ಮ ಪ್ರಕಾರ ಗುರುವಾರ ಬರದೇ ಇದ್ದ ಲಾರಿಗೆ?" ರವಿ ಕೆಣಕಿದ.

ಗಣಪಣ್ಣ ಯೋಚಿಸಲಿಲ್ಲ. "'ನಾಳೆ ಬಾ.'"

ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅದನ್ನು ಬರೆದು, ರಾತ್ರಿ ದೆವ್ವ ಬರುತ್ತೆ ಅಂತ ಹೊದಿಕೆಯೊಳಗೆ ಉಸಿರು ಬಿಗಿಹಿಡಿದ ಕಾಲ ಅಲ್ಲಿದ್ದ ಎಲ್ಲರಿಗೂ ನೆನಪಿತ್ತು. ಸಿರಿಗೆ ಮಾತ್ರ ಅರ್ಥವಾಗಲಿಲ್ಲ. ಅವಳಿಗೆ ವಿವರಿಸಲು ಹೋಗಿ ನಾಲ್ಕು ಜನ ನಾಲ್ಕು ಥರದ ದೆವ್ವ ಹೇಳಿದರು.

"ಒಂದು ಲಾರಿ ಎಷ್ಟು ಉಪ್ಪು ಹಾಕುತ್ತೆ?" ಪದ್ಮಕ್ಕನಿಗೆ ಅಡುಗೆಮನೆಯ ಕುತೂಹಲ.

"ಚದರ ಮೀಟರಿಗೆ ಹತ್ತಿಪ್ಪತ್ತು ಗ್ರಾಂ. ಹಿಮ ಬೀಳೋ ಹಾಗಿದ್ದರೆ ಅದಕ್ಕಿಂತ ಜಾಸ್ತಿ," ಎಂದ ರವಿ.

"ಒಂದು ದೊಡ್ಡ ಪಾತ್ರೆ ಹುಳಿಗೆ ಹಾಕುವಷ್ಟು!" ಪದ್ಮಕ್ಕ ಕೆನ್ನೆಗೆ ಕೈ ಇಟ್ಟರು. "ನಮ್ಮಜ್ಜಿ ಹೇಳುತ್ತಿದ್ದರು. ಉಪ್ಪು ಚೆಲ್ಲಿದರೆ ಸತ್ತ ಮೇಲೆ ಕಣ್ಣರೆಪ್ಪೆಯಲ್ಲಿ ಎತ್ತಬೇಕು ಅಂತ."

"ಹಾಗಾದರೆ ಸರ್ ಸಾಲ್ಟರ್ ಸ್ಕಾಟ್‌ನ ಡ್ರೈವರಿಗೆ ಎಡಿನ್‌ಬರೊ‌ದಿಂದ ಗ್ಲಾಸ್ಗೋವರೆಗೆ ಕೆಲಸ ಇದೆ, ಪಾಪ."

"ಅಲ್ಲ, ಐಸು ಕರಗಿಸೋಕೆ ಉಪ್ಪು ಅಂತ ಹೊಳೆದದ್ದಾದರೂ ಹೇಗೆ?" ಎಂದು ಪದ್ಮಕ್ಕ ಮತ್ತೆ.

"ಉಪ್ಪು ಬೆರೆತರೆ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟಲ್ಲ, ಇನ್ನೂ ಕೆಳಗೆ ಹೋಗಬೇಕು. ನಮ್ಮ ಮದುವೆ ಮನೆಯ ಐಸ್‌ಕ್ರೀಮಿಗೂ ಇದೇ ಅಲ್ವಾ?" ಎಂದರು ಗಣಪಣ್ಣ. "ಮರದ ಬಕೆಟ್ಟು. ಸುತ್ತ ಐಸು, ಐಸಿಗೆ ಕಲ್ಲುಪ್ಪು. ಹಿಡಿಕೆ ತಿರುಗಿಸೋಕೆ ಹುಡುಗರು. ನಾನು ಒಂದು ಮದುವೆಯಲ್ಲಿ ಬೆಳಗಿನಿಂದ ತಿರುಗಿಸಿದೆ. ಬಡಿಸುವಾಗ ನನ್ನ ಪಂಕ್ತಿಗೆ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಡಬ್ಬಿ ನೆಕ್ಕು ಅಂತ ಕೊಟ್ಟರು. ಅವಸರದಲ್ಲಿ ಹೊರಗಡೆ ನೆಕ್ಕಿದೆ."

ನಗು ನಿಲ್ಲುವವರೆಗೂ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ನಮ್ಮಜ್ಜ 1930ರಲ್ಲಿ ಅಂಕೋಲೆಯ ಸಮುದ್ರದ ಹತ್ತಿರ ಉಪ್ಪು ಮಾಡೋಕೆ ಹೋದವ. ಸತ್ಯಾಗ್ರಹ. ಉಪ್ಪಿಗೆ ತೆರಿಗೆ ಕೊಡಲ್ಲ ಅಂತ ಇವರದೇ ಸರ್ಕಾರದ ಲಾಠಿ ತಿಂದ. ಆ ಸಲ ಒಂದು ಮುಷ್ಟಿ ಉಪ್ಪು ಮನೆಗೆ ತಂದಿದ್ದನಂತೆ. ಅಜ್ಜಿ ಅದನ್ನು ಅಡುಗೆಗೆ ಹಾಕದೆ ದೇವರ ಮುಂದೆ ಇಟ್ಟಿದ್ದಳು, ಮಳೆಗಾಲದಲ್ಲಿ ನೀರಾಗಿ ಹೋಯ್ತು." ಒಂದು ಮಿರ್ಚಿ ಎತ್ತಿದರು, ತಿನ್ನಲಿಲ್ಲ. "ಮೊಮ್ಮಗ ನಾನು ಇಲ್ಲಿಗೆ ಬಂದು, ಕೇಳಿದಷ್ಟು ತೆರಿಗೆ ಕಟ್ಟಿ, ಬೆಳಗ್ಗೆ ಎದ್ದು ಮೊಬೈಲು ನೋಡುತ್ತೇನೆ. ಅವರ ಉಪ್ಪು ಬಂತಾ, ಬಂತಾ ಅಂತ."

ಯಾರಿಗೂ ತಕ್ಷಣ ಏನೂ ಹೊಳೆಯಲಿಲ್ಲ. ಗುರುವಿಗೂ ಸ್ಟುಟ್‌ಗಾರ್ಟ್ ನೆನಪಾಗಲಿಲ್ಲ.

ಏಳು ಗಂಟೆಗೆ ಹೊರಟರು. ಬಾಗಿಲು ತೆಗೆದರೆ ಮನೆಯ ಮುಂದಿನ ಇಳಿಜಾರು ಕನ್ನಡಿಯಾಗಿತ್ತು. ರವಿ ನಕ್ಷೆ ನೋಡಿದ. ದೊಡ್ಡ ರಸ್ತೆಗಳಲ್ಲಿ ಲಾರಿಗಳು ಸಾಲುಸಾಲಾಗಿ ಓಡಾಡುತ್ತಿದ್ದವು, ಒಂದಕ್ಕಿಂತ ಒಂದು ಚಂದದ ಹೆಸರು. ಈ ಗಲ್ಲಿಗೆ ಯಾವ ಸರ್ ಕೂಡ ಬರುವ ಹಾಗಿರಲಿಲ್ಲ.

ಗಣಪಣ್ಣ ಶೆಡ್ಡಿನಿಂದ ಸಲಿಕೆ ತಂದರು. ಮೂಲೆಯಲ್ಲಿ ಹಳದಿ ಬಣ್ಣದ ಉಪ್ಪಿನ ಡಬ್ಬ ಇದೆ, ಬೇಕಾದವರು ತೆಗೆದು ಹಾಕಿಕೊಳ್ಳಲಿ ಅಂತ ಇಟ್ಟದ್ದು. ಮುಚ್ಚಳವೇ ಐಸು ಹಿಡಿದು ಕೂತಿತ್ತು. ಸಲಿಕೆಯಿಂದ ಎರಡು ಏಟು ಕೊಟ್ಟಾಗ ಬಿಟ್ಟುಕೊಟ್ಟಿತು. ಒಳಗೆ ಕಂದು ಬಣ್ಣದ ಕಲ್ಲುಪ್ಪು, ಮುದ್ದೆ ಮುದ್ದೆ.

"ಇದು ಚೆಷೈರಿನ ಗಣಿಯದ್ದಿರಬೇಕು," ರವಿ ಪಿಂಗಾಣಿಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಬಂದ. "ವಿನ್ಸ್‌ಫೋರ್ಡ್ ಅಂತ. 1844ರಲ್ಲಿ ಕಲ್ಲಿದ್ದಲು ಹುಡುಕಲು ಹೋಗಿ ಉಪ್ಪು ಸಿಕ್ಕಿತಂತೆ."

ಗಣಪಣ್ಣ ಕೈಗವಸು ಕಳಚಿದರು. ಒಂದು ಹರಳು ಎತ್ತಿ, ಬೀದಿದೀಪಕ್ಕೆ ಹಿಡಿದು ನೋಡಿ, ನಾಲಿಗೆಯ ತುದಿಗೆ ಇಟ್ಟುಕೊಂಡರು.

"ಅಯ್ಯೋ, ರಸ್ತೆಗೆ ಹಾಕೋದನ್ನ ಬಾಯಿಗೆ ಹಾಕಿಕೊಂಡಿರಾ!" ಪದ್ಮಕ್ಕ ಬಾಗಿಲಲ್ಲಿ ನಿಂತು ಕಿರುಚಿದರು. "ಉಗಿಯಿರಿ!"

ಗಣಪಣ್ಣ ಉಗಿಯಲಿಲ್ಲ. ಹುಳಿಯ ರುಚಿ ನೋಡುವವರ ಹಾಗೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು.

"ಮಣ್ಣು ಜಾಸ್ತಿ," ಎಂದರು. "ಉಪ್ಪು ಕಮ್ಮಿ."