ಮಾರುತಿ 800 ಲೋವರ್ ಆರ್ಮ್ ಬೋಲ್ಟ್ ಕಚ್ಚಿಕೊಂಡಿದೆ: ತಿರುಗುತ್ತೆ, ಹೊರಗೆ ಬರಲ್ಲ

ಕಡಲತಡಿ_800

ಗಾಡಿ 2003ರ ಮಾರುತಿ 800, ಊರು ಕುಂದಾಪುರ. ಮುಂದಿನ ಎಡಗಡೆ ಲೋವರ್ ಆರ್ಮ್ (ಚಕ್ರದ ಕಡೆಯನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು) ಬದಲಿಸಬೇಕು. ಬಾಡಿ ಕಡೆಯ ರಬ್ಬರ್ ಬುಶ್ ಹರಿದಿದೆ, ಚಕ್ರದ ಕಡೆಯ ಬಾಲ್ ಜಾಯಿಂಟ್‌ನಲ್ಲಿ (ಗುಂಡು ಕೀಲು) ಆಟ ಇದೆ. ಬುಶ್, ಬಾಲ್ ಜಾಯಿಂಟ್ ಸಮೇತ ಹೊಸ ಆರ್ಮ್ ತಂದಿಟ್ಟಾಗಿದೆ.

ಕೆಲಸ ಎರಡು ಕಡೆ ನಿಂತಿದೆ. ಬಾಡಿ ಕಡೆಯ ಬೋಲ್ಟ್‌ಗೆ ಎರಡಡಿ ರಾಡ್ ಹಾಕಿದರೆ ಸ್ವಲ್ಪ ತಿರುಗುತ್ತೆ, ಕೈ ಬಿಟ್ಟ ಕೂಡಲೇ ವಾಪಸ್ ಬರುತ್ತೆ. ನಕಲ್‌ನಲ್ಲಿ (knuckle, ಚಕ್ರದ ಬೇರಿಂಗ್ ಹೊರುವ ಲೋಹದ ಭಾಗ) ಬಾಲ್ ಜಾಯಿಂಟ್ ಪಿನ್ ಹಿಡಿಯುವ ಕ್ಲ್ಯಾಂಪ್ ಬೋಲ್ಟ್ ಅಲ್ಲಾಡುತ್ತಲೇ ಇಲ್ಲ. ಮೂರು ದಿನದಿಂದ ಡಬ್ಲ್ಯೂಡಿ-40 ಹೊಡೆಯುತ್ತಿದ್ದೇನೆ. ಕೈಯಲ್ಲಿರುವುದು 4 ಇಂಚಿನ ಗ್ರೈಂಡರ್, ಸಣ್ಣ ಗ್ಯಾಸ್ ಟಾರ್ಚ್, ಸುತ್ತಿಗೆ, ಹ್ಯಾಕ್ಸಾ. ಮುಂದೇನು?

ಮೂರನೇ_ಪಿಟ್

ವಾಪಸ್ ಬರುತ್ತೆ ಅಂದಿರಲ್ಲ, ಕಾಯಿಲೆ ಏನೆಂದು ಅಲ್ಲೇ ಗೊತ್ತಾಯಿತು. ನೀವು ತಿರುಗಿಸುತ್ತಿರುವುದು ಬೋಲ್ಟನ್ನಲ್ಲ, ಬುಶ್‌ನ ರಬ್ಬರನ್ನು. ಬುಶ್ ಒಳಗೊಂದು ಉಕ್ಕಿನ ಕೊಳವೆ ಇದೆ, ಬೋಲ್ಟ್ ಅದರೊಳಗೆ ಹಾಯುತ್ತದೆ. ಆ ಸಂದಿಯಲ್ಲಿ ಉಪ್ಪುನೀರು ನಿಂತು ತುಕ್ಕಾಗಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಹಾಗಾಗಿ ಬೋಲ್ಟೂ ಕೊಳವೆಯೂ ಈಗ ಒಂದೇ ತುಂಡು. ಎಣ್ಣೆ ಒಳಹೋಗಲು ದಾರಿಯೇ ಇಲ್ಲ, ಇನ್ನೂ ಮೂರು ವಾರ ಹೊಡೆದರೂ ಅಷ್ಟೇ.

ಹೊಸ ಆರ್ಮ್ ಇದೆಯಲ್ಲ, ಹಳೆಯ ಬುಶ್ ಉಳಿಸಿ ಏನು ಮಾಡುತ್ತೀರಿ? ಬೋಲ್ಟ್ ಕತ್ತರಿಸಿ.

ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಒಂದೇ ಕಡೆ ಎತ್ತಿದರೆ ಸ್ಟೆಬಿಲೈಸರ್ ಬಾರ್ (ಎಡ-ಬಲ ಆರ್ಮ್‌ಗಳನ್ನು ಜೋಡಿಸುವ ಉಕ್ಕಿನ ಕಂಬಿ) ತಿರುಚಿಕೊಂಡೇ ಇರುತ್ತದೆ, ಬೋಲ್ಟ್ ತುಂಡಾದ ಕ್ಷಣ ಆರ್ಮ್ ಚಿಮ್ಮುತ್ತದೆ. ಗಾಡಿಯ ಜೊತೆ ಬಂದ ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಈ ಗಾಡಿಯಲ್ಲಿ ಬಾರ್‌ನ ತುದಿ ಆರ್ಮ್ ಮೂಲಕವೇ ಹಾದು ಬರುವುದರಿಂದ ಅದರ ನಟ್ ಮೊದಲೇ ಸಡಿಲಿಸಿ, ವಾಷರ್‌ಗಳು ಯಾವ ಮುಖ ಯಾವ ಕಡೆ ಇದ್ದವೆಂದು ಒಂದು ಫೋಟೋ ತೆಗೆದಿಡಿ.

ಆಮೇಲೆ ಬುಶ್ ಕೊಳವೆಯ ತುದಿಗೂ ಆರ್ಮ್ ಹಿಡಿಯುವ ಬಾಡಿಯ ಬ್ರ್ಯಾಕೆಟ್‌ನ ಒಳಮುಖಕ್ಕೂ ನಡುವೆ ಎರಡು ಕಡೆ ಕೊಯ್ಯಬೇಕು. ಸಂದಿ ಕಾಣದಿದ್ದರೆ ಆರ್ಮ್ ಅನ್ನು ಒಂದು ಬದಿಗೆ ಮೀಟಿ, ಬ್ಲೇಡ್ ಹೋಗುವಷ್ಟು ಸಿಗಬಹುದು. ಇಲ್ಲದಿದ್ದರೆ ಕೊಳವೆಯ ಅಂಚನ್ನೇ ಸೇರಿಸಿ ಕೊಯ್ಯಿರಿ. ಬ್ಲೇಡ್ ಬೈ-ಮೆಟಲ್ ಇರಲಿ, ಇಂಚಿಗೆ 18 ಅಥವಾ 24 ಹಲ್ಲಿನದು. ರೆಸಿಪ್ರೊಕೇಟಿಂಗ್ ಸಾ ಬಾಡಿಗೆಗೆ ಸಿಕ್ಕರೆ ಬೇಗ ಮುಗಿಯುತ್ತದೆ. ವೇಗ ಕಡಿಮೆ ಇಟ್ಟು ಎಣ್ಣೆ ಹನಿಸುತ್ತ ಒತ್ತಿ ಕೊಯ್ಯಿರಿ, ವೇಗ ಹೆಚ್ಚಾದರೆ ಬೋಲ್ಟ್ ಹೋಗುವ ಮೊದಲು ಹಲ್ಲು ಹೋಗುತ್ತದೆ. ಇಲ್ಲವೆಂದರೆ ಹ್ಯಾಕ್ಸಾ ಬ್ಲೇಡ್‌ನ ಒಂದು ತುದಿಗೆ ದಪ್ಪ ಬಟ್ಟೆ ಸುತ್ತಿ ಕೈಯಲ್ಲೇ. ರಟ್ಟೆ ನೋಯುತ್ತದೆ, ಕೆಲಸ ಆಗುತ್ತದೆ.

ಗ್ರೈಂಡರ್ ಆ ಜಾಗಕ್ಕೆ ನೇರವಾಗಿ ಹೋಗುವುದು ಅನುಮಾನ. ಓರೆಯಾಗಿ ತುರುಕಿದರೆ ಮೊದಲು ತಿನ್ನುವುದು ಬ್ರ್ಯಾಕೆಟ್ಟನ್ನು.

ಸುತ್ತಿಗೆ_ಸದ್ದು

ಇಷ್ಟೆಲ್ಲ ಯಾಕೆ ಮಾರಾಯ್ರೆ? ಗ್ಯಾಸ್ ಕಟರ್‌ನವರನ್ನು ಕರೆಸಿ, ರಬ್ಬರ್ ಸುಟ್ಟು ಬೋಲ್ಟ್ ಕೆಂಪು ಮಾಡಿ ಹೊಡೆದರೆ ಹತ್ತು ನಿಮಿಷದ ಕೆಲಸ.

ಮೂರನೇ_ಪಿಟ್

ಲಾರಿಯಾದರೆ ಸರಿ. ಇಲ್ಲಿ ಬ್ರ್ಯಾಕೆಟ್ ತೆಳು ತಗಡಿನದು, ಅದೂ ಕರಾವಳಿಯಲ್ಲಿ 20 ವರ್ಷ ಕಳೆದದ್ದು. ಕಟರ್ ಜ್ವಾಲೆ ಒಂದು ಕ್ಷಣ ಹೆಚ್ಚು ನಿಂತರೆ ಬೋಲ್ಟ್ ರಂಧ್ರ ಮೊಟ್ಟೆಯಾಕಾರ ಆಗುತ್ತದೆ, ಆಮೇಲೆ ಅಲೈನ್‌ಮೆಂಟ್ ಎಂದೂ ನಿಲ್ಲುವುದಿಲ್ಲ. ಹತ್ತಿರದಲ್ಲೇ ಬ್ರೇಕ್ ಹೋಸ್, ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಇವೆ. ಉರಿಯುವ ಬುಶ್ ಹೊಗೆಯೂ ಒಳ್ಳೆಯದಲ್ಲ.

ಶಾಖ_ಮತ್ತು_ಮೇಣ

ಕ್ಲ್ಯಾಂಪ್ ಬೋಲ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಲೆಕ್ಕ ಬೇರೆ: ಅಲ್ಲಿ ನಕಲ್ ಉಳಿಯಬೇಕು.

ಈ ಬೋಲ್ಟ್ ಬಾಲ್ ಜಾಯಿಂಟ್ ಪಿನ್‌ನ ಕಚ್ಚಿನಲ್ಲಿ ಅಡ್ಡ ಕೂತಿರುತ್ತದೆ. ಸಡಿಲಿಸಿದರೆ ಸಾಲದು, ಪೂರ್ತಿ ಹೊರಬರದೆ ಪಿನ್ ಇಳಿಯುವುದಿಲ್ಲ. ಎರಡಡಿ ರಾಡ್ ಮೊದಲು ಪಕ್ಕಕ್ಕಿಡಿ. 60 ಸೆಂಟಿಮೀಟರ್ ತುದಿಯಲ್ಲಿ 20 ಕಿಲೋ ಭಾರ ಹಾಕಿದರೆ ಸುಮಾರು 118 ನ್ಯೂಟನ್ ಮೀಟರ್ ಆಗುತ್ತದೆ. 8.8 ದರ್ಜೆಯ (ಉಕ್ಕಿನ ಬಲದ ಗುರುತು) ಎಂ10, ಅಂದರೆ 10 ಮಿಮೀ ಬೋಲ್ಟ್‌ನ ಕತ್ತು ಮುರಿಯಲು ಅದಕ್ಕಿಂತ ಕಡಿಮೆಯೇ ಸಾಕಾಗಬಹುದು.

ಡಬ್ಲ್ಯೂಡಿ-40 ಮುಖ್ಯವಾಗಿ ನೀರು ಓಡಿಸಲು ಹುಟ್ಟಿದ್ದು. ತುಕ್ಕಿಗೆಂದೇ ಬರುವ ಪೆನೆಟ್ರೇಟಿಂಗ್ ಆಯಿಲ್ ತನ್ನಿ. ವೈರ್ ಬ್ರಷ್‌ನಿಂದ ಬೋಲ್ಟ್‌ನ ಎರಡೂ ತುದಿ, ನಕಲ್‌ನ ಸೀಳು ಚೊಕ್ಕ ಮಾಡಿ ಆಮೇಲೆ ಬಿಡಿ. ಕೆಸರಿನ ಮೇಲೆ ಎಣ್ಣೆ ಸುರಿದರೆ ಕೆಸರು ಮೆತ್ತಗಾಗುತ್ತದೆ, ಅಷ್ಟೇ.

ಶಾಖ ಕೊಡುವ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಿ. ಬ್ರೇಕ್ ಕ್ಲೀನರ್ ಹೊಡೆದಿದ್ದರೆ ಅವತ್ತು ಟಾರ್ಚ್ ಹಚ್ಚಲೇಬೇಡಿ: ಕ್ಲೋರಿನ್ ಇರುವ ಕ್ಲೀನರ್ ಬಿಸಿಗೆ ವಿಷಗಾಳಿಯಾಗುತ್ತದೆ. ಬೂಟ್, ಹೋಸ್‌ಗಳಿಗೆ ಒದ್ದೆ ಗೋಣಿ ಹೊದಿಸಿ, ಪಕ್ಕದಲ್ಲಿ ಬಕೆಟ್ ನೀರಿರಲಿ. ಜ್ವಾಲೆ ಬೋಲ್ಟ್ ತಲೆಗಲ್ಲ, ಅದನ್ನು ಹಿಡಿದ ನಕಲ್‌ನ ಕಿವಿಗೆ. ಹೊರಗಿನ ಲೋಹ ಹಿಗ್ಗಿದರೆ ಹಿಡಿತ ಬಿಡುತ್ತದೆ, ಬೋಲ್ಟೇ ಹಿಗ್ಗಿದರೆ ಇನ್ನೂ ಬಿಗಿಯುತ್ತದೆ. ಕೆಂಪಾಗುವಷ್ಟು ಬೇಡ, ಮೇಲೇ ವೀಲ್ ಬೇರಿಂಗ್‌ನ ಸೀಲು, ಗ್ರೀಸು ಇವೆ. ಮೇಣದಬತ್ತಿ ಮುಟ್ಟಿಸಿದರೆ ತಕ್ಷಣ ಕರಗಿ ಹರಿಯುವಷ್ಟಾದಾಗ ಜ್ವಾಲೆ ತೆಗೆದು, ಬೋಲ್ಟ್ ಸುತ್ತ ಮೇಣ ಕರಗಿಸಿ. ಸಂದಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಆರಿದ ಮೇಲೆ ಮತ್ತೊಮ್ಮೆ, ಮೂರು ನಾಲ್ಕು ಸುತ್ತು.

ಆಮೇಲೆ ಆರು ಮೂಲೆಯ ಸಾಕೆಟ್ ಹಾಕಿ ಮೊದಲು ಬಿಗಿಯುವ ಕಡೆಗೇ ಚೂರು ಮಿಸುಕಿಸಿ. ಟಕ್ ಎಂದರೆ ಗೆದ್ದಿರಿ. ಕಾಲು ಸುತ್ತು ಬಿಚ್ಚಿ, ಅರ್ಧ ಕಾಲು ವಾಪಸ್, ಎಣ್ಣೆ, ಮತ್ತೆ ಬಿಚ್ಚಿ. ಒಂದೇ ಸಮ ಬಿಚ್ಚಿದರೆ ತುಕ್ಕಿನ ಪುಡಿ ಥ್ರೆಡ್‌ನಲ್ಲಿ ಗಂಟುಕಟ್ಟಿ ಮತ್ತೆ ಕಚ್ಚುತ್ತದೆ. ಸೀಳಿಗೆ ಉಳಿ ಬಡಿದು ಅಗಲಿಸುವ ಆಸೆ ಬೇಡ. ಕಿವಿ ಬಿರುಕು ಬಿಟ್ಟರೆ ನಕಲ್ ಹೊಸದೇ.

ಕಡಲತಡಿ_800

ಎರಡು ಅನುಮಾನ ಸರ್. ಕ್ಲ್ಯಾಂಪ್ ಬೋಲ್ಟ್ ಮುರಿದೇಹೋದರೆ? ಬಾಡಿ ಕಡೆ ಕೊಯ್ದ ಮೇಲೆ ಬ್ರ್ಯಾಕೆಟ್‌ನಲ್ಲಿ ಉಳಿಯುವ ತುಂಡು?

ಶಾಖ_ಮತ್ತು_ಮೇಣ

ಮುರಿದರೆ ನಕಲ್ ಬಿಚ್ಚಿ ಮೇಜಿನ ಮೇಲೆ ವೈಸ್‌ಗೆ ಹಾಕಿ, ಗಾಡಿಯಲ್ಲೇ ಕೊರೆಯಬೇಡಿ. ಮುರಿದ ಮುಖ ಸಮತಟ್ಟು ಮಾಡಿ, ನಟ್ಟನಡುವೆ ಪಂಚ್ ಹೊಡೆದು 3 ಮಿಮೀ, 5, 7 ಹೀಗೆ ದೊಡ್ಡದು ಮಾಡುತ್ತ ಹೋಗಿ. ಪಂಚ್ ಒಂದು ಮಿಲಿಮೀಟರ್ ಜರುಗಿದರೂ ಬಿಟ್ ಮೆತ್ತಗಿನ ಕಡೆಗೆ ಓಡುತ್ತದೆ. ಸ್ಕ್ರೂ ಎಕ್ಸ್‌ಟ್ರ್ಯಾಕ್ಟರ್ ನನಗೆ ಇಷ್ಟವಿಲ್ಲ: ಒಳಗೆ ಮುರಿದರೆ ಅದನ್ನು ಸಾಧಾರಣ ಬಿಟ್ ಮುಟ್ಟುವುದೂ ಇಲ್ಲ. ಕೈ ನಡುಗುತ್ತಿದ್ದರೆ ಲೇತ್ ಅಂಗಡಿಗೆ ಕೊಟ್ಟುಬಿಡಿ.

ಮೂರನೇ_ಪಿಟ್

ಬ್ರ್ಯಾಕೆಟ್ ತುಂಡು ಸುಲಭ. ಬುಶ್ ಹಿಡಿತ ತಪ್ಪಿದ ಮೇಲೆ ಉಳಿಯುವುದು ರಂಧ್ರದ ತುಕ್ಕು ಮಾತ್ರ, ಪಂಚ್ ಇಟ್ಟು ತಟ್ಟಿದರೆ ಬೀಳುತ್ತದೆ. 20 ವರ್ಷದ ಗಾಡಿ, ಹಿಂದೆ ಯಾರಾದರೂ ನಟ್ಟನ್ನು ಬ್ರ್ಯಾಕೆಟ್‌ಗೇ ವೆಲ್ಡ್ ಮಾಡಿಟ್ಟಿದ್ದರೆ ಮಾತ್ರ ತಟ್ಟಬೇಡಿ, ವೈಸ್ ಗ್ರಿಪ್‌ನಲ್ಲಿ ಹಿಡಿದು ತಿರುಗಿಸಿ ತೆಗೆದು ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಯಿಸಿ.

ಹೊಸ ಬೋಲ್ಟ್ ತರುವಾಗ ಎಡವುವವರು ಬಹಳ. 14ರ ಸ್ಪ್ಯಾನರ್ ಕೂರುವ ಜಪಾನಿ ಮಾದರಿಯ ಎಂ10ಕ್ಕೆ ಸಾಮಾನ್ಯವಾಗಿ 1.25 ಪಿಚ್ (ಥ್ರೆಡ್‌ಗಳ ನಡುವಿನ ಅಂತರ, ಮಿಮೀ ಲೆಕ್ಕದಲ್ಲಿ); ಹಾರ್ಡ್‌ವೇರ್ ಅಂಗಡಿಯ ಎಂ10 ಹೆಚ್ಚಾಗಿ 1.5. ಎರಡು ಸುತ್ತು ಹೋಗಿ ಕಚ್ಚಿಕೊಂಡರೆ ಇದೇ ಕಾರಣ, ರಾಡ್ ಹಾಕಿ ಮುಂದೆ ತಳ್ಳಬೇಡಿ. ಹಳೆಯ ಬೋಲ್ಟ್ ತಲೆಯ ಮೇಲಿನ ದರ್ಜೆ ನೋಡಿ ಅದೇ ತನ್ನಿ, ಥ್ರೆಡ್ ಇಲ್ಲದ ಭಾಗದ ಉದ್ದವೂ ಅಷ್ಟೇ ಇರಲಿ. ತುಕ್ಕು ಹಿಡಿಯಲ್ಲ ಎಂದು ಸ್ಟೇನ್‌ಲೆಸ್ ಬೇಡ: ಎ2-70 ಸ್ಟೇನ್‌ಲೆಸ್ ಸುಮಾರು 450 ಮೆಗಾಪ್ಯಾಸ್ಕಲ್‌ಗೆ ಕಾಯಂ ಹಿಗ್ಗಲು ಶುರುಮಾಡಿದರೆ 8.8 ಉಕ್ಕು 640ರವರೆಗೆ ತಡೆಯುತ್ತದೆ.

ಬೋಲ್ಟ್‌ನ ನಯ ಭಾಗಕ್ಕೆ, ಕೊಳವೆಯೊಳಗೆ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಧಾರಾಳವಾಗಿ ಬಳಿಯಿರಿ, ಥ್ರೆಡ್‌ಗೆ ಬೇಡ. ಥ್ರೆಡ್ ಜಾರಿದರೆ ಅದೇ ಟಾರ್ಕ್‌ಗೆ (ತಿರುಗಿಸುವ ಬಲ) ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ. ನಟ್ ಹೊಸದಿರಲಿ, ಟಾರ್ಕ್ ಸರ್ವೀಸ್ ಮ್ಯಾನ್ಯುಯಲ್‌ನದೇ ಇರಲಿ.

ಬುಶ್ ಬೋಲ್ಟ್ ಕೊನೆಯ ಬಿಗಿ ಗಾಡಿ ನೆಲಕ್ಕಿಳಿದ ಮೇಲೆ. ಚಕ್ರ ತೂಗುತ್ತಿರುವಾಗ ಬಿಗಿದರೆ ಆರ್ಮ್ ಕೆಳಗೆ ಬಾಗಿದ ಸ್ಥಿತಿಯಲ್ಲೇ ಕೊಳವೆ ಹಿಡಿದುಕೊಳ್ಳುತ್ತದೆ. ಗಾಡಿ ಇಳಿದಾಗ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ನಕಲ್‌ನ ಕ್ಲ್ಯಾಂಪ್ ಬೋಲ್ಟ್‌ಗೆ ಈ ನಿಯಮವಿಲ್ಲ, ಅದನ್ನು ಎತ್ತಿದಾಗಲೇ ಬಿಗಿಯಬಹುದು. ಹಾಕುವ ಮೊದಲು ಬ್ರ್ಯಾಕೆಟ್‌ನ ವೆಲ್ಡ್ ಸುತ್ತ ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ತಗಡು ಒಳಗೆ ಹೋದರೆ ಹೊಸ ಆರ್ಮ್ ಸದ್ಯ ಡಬ್ಬದಲ್ಲೇ ಇರಲಿ, ಮೊದಲು ವೆಲ್ಡಿಂಗ್. ಗಟ್ಟಿಯಿದ್ದರೆ ಹಾಕಿ, ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ.