ಒಂಬತ್ತು ವರ್ಷ ಗೋವಿನಜೋಳವೊಂದನ್ನೇ ಬೆಳೆದ ಹೊಲ: ಇನ್ನೊಂದು ಚೀಲ ಯೂರಿಯಾ ಹಾಕಲೇ?

ಪ್ರಶ್ನೆ: ನಮಸ್ಕಾರ ಸರ್. ಹಾವೇರಿ ತಾಲ್ಲೂಕು, 4 ಎಕರೆ ಮಳೆಯಾಶ್ರಿತ ಕೆಂಪು ಮಣ್ಣು. 9 ವರ್ಷದಿಂದ ಮುಂಗಾರಿಗೆ ಗೋವಿನಜೋಳ ಬಿಟ್ಟು ಬೇರೇನೂ ಬಿತ್ತಿಲ್ಲ. ಎಕರೆಗೆ 1 ಚೀಲ ಡಿಎಪಿ, 3 ಚೀಲ ಯೂರಿಯಾ ಕೊಡುತ್ತೇವೆ. ಈಗ ಮೇಲಿನ ಎಲೆಗಳ ನಡುನರದ ಎರಡೂ ಬದಿಗೆ ಬಿಳಿ ಪಟ್ಟೆ ಬಂದಿದೆ. ಸುಳಿಯೊಳಗಿನ ಹುಳಕ್ಕೆ ಒಂದೇ ಔಷಧ ಮೂರು ಸಲ ಹೊಡೆದರೂ ಹೋಗುತ್ತಿಲ್ಲ. ಯೂರಿಯಾ ಹೆಚ್ಚಿಸಲೇ?

ಉತ್ತರ (ಬೇಸಾಯ ತಜ್ಞರು): ದಯವಿಟ್ಟು ಬೇಡ. 45 ಕೆಜಿಯ 3 ಚೀಲ ಯೂರಿಯಾದಲ್ಲಿ 62 ಕೆಜಿ ಸಾರಜನಕ, ಡಿಎಪಿಯಲ್ಲಿ 9, ಒಟ್ಟು 71. ಮಳೆಯಾಶ್ರಿತ ಬೆಳೆಗೆ ಎಕರೆಗೆ 40 ಸಾಕು, ಅಂದರೆ ಡಿಎಪಿ ಜೊತೆ ಒಂದೂವರೆ ಚೀಲ ಯೂರಿಯಾ. ಉಳಿದದ್ದರಲ್ಲಿ ಬಹುಪಾಲು ಮಳೆನೀರಿನ ಜೊತೆ ನೈಟ್ರೇಟ್ ಆಗಿ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೊಲದ ಬೋರ್‌ವೆಲ್ ನೀರನ್ನು ಮನೆಯವರು ಕುಡಿಯುತ್ತಿದ್ದರೆ ಈ ವಾರವೇ ಪರೀಕ್ಷೆಗೆ ಕೊಡಿ.

ಬಿಳಿ ಪಟ್ಟೆ ಸತುವಿನ ಕೊರತೆ. ನಿಂತ ಪೈರಿಗೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣ ಬೆರೆಸಿ ಸಿಂಪಡಿಸಿ. ಮುಂದಿನ ಬಿತ್ತನೆಗೆ ಎಕರೆಗೆ 10 ಕೆಜಿ ಸತುವಿನ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಹಾಕಿ. ಡಿಎಪಿ ಜೊತೆ ಬೆರೆಸಿದರೆ ಅದರಲ್ಲಿನ ರಂಜಕ ಸತುವನ್ನು ಕಟ್ಟಿಹಾಕುತ್ತದೆ.

ಇನ್ನು ಹುಳ. ತಲೆಯ ಮೇಲೆ ತಿರುಗಿಸಿದ ವೈ ಆಕಾರದ ಗೆರೆ, ಹಿಂಭಾಗದಲ್ಲಿ ಚೌಕಾಕಾರಕ್ಕೆ 4 ಕಪ್ಪು ಚುಕ್ಕೆ ಕಂಡರೆ ಅದು ಫಾಲ್ ಸೈನಿಕ ಹುಳು. ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಸುಮಾರು ಒಂದು ತಿಂಗಳಲ್ಲಿ ಒಂದು ಪೀಳಿಗೆ ಮುಗಿಸುತ್ತದೆ. ಊರೆಲ್ಲ ಗೋವಿನಜೋಳವೇ ಆದರೆ, ಅದೂ ಹಿಂದೆಮುಂದೆ ಬಿತ್ತಿದ್ದರೆ, ಅದಕ್ಕೆ ಮೇವು ತಪ್ಪುವುದೇ ಇಲ್ಲ. ದೊಡ್ಡ ಹುಳ ಲದ್ದಿಯಿಂದ ಸುಳಿ ಮುಚ್ಚಿಕೊಂಡ ಮೇಲೆ ಔಷಧ ಒಳಗಿಳಿಯದು. ಮರಿ ಇರುವಾಗಲೇ, ಸಂಜೆ, ನಳಿಕೆಯನ್ನು ಸುಳಿಗೇ ಹಿಡಿದು ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ. ಎರಡನೇ ಸಲಕ್ಕೆ ಔಷಧದ ಗುಂಪು ಬದಲಿಸಿ: ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್‌ಸಿ 0.4 ಮಿಲಿ. ಹುಳ ಪತಂಗವಾಗುವ ಮುನ್ನಿನ ಕೋಶಗಳು ಮಣ್ಣಿನಲ್ಲಿರುವುದರಿಂದ ಕೊಯ್ಲಾದ ಕೂಡಲೇ ರೆಂಟೆ ಹೊಡೆಯಿರಿ, ಹಕ್ಕಿಗಳು ಆರಿಸಿಕೊಳ್ಳುತ್ತವೆ.

ಪ್ರಶ್ನೆ: ಹಿಂದೊಮ್ಮೆ ತೊಗರಿಯನ್ನು ಅಕ್ಕಡಿ ಸಾಲಿನಲ್ಲಿ (ಗೋವಿನಜೋಳದ ನಡುವೆ ಮಿಶ್ರ ಬೆಳೆಯಾಗಿ) ಹಾಕಿದ್ದೆವು ಸರ್. ಮೊಳಕೆ ಬಂದು ಹಳದಿಯಾಗಿ ಒಣಗಿತು. ನಮ್ಮ ಮಣ್ಣಿಗೆ ಆಗುವುದಿಲ್ಲವೇ?

ಉತ್ತರ: ಕಳೆಗೆ ಅಟ್ರಾಜಿನ್ ಹೊಡೆದಿರಬೇಕು, ನೋಡಿ. ಗೋವಿನಜೋಳ ಅದನ್ನು ಅರಗಿಸಿಕೊಳ್ಳುತ್ತದೆ, ದ್ವಿದಳಕ್ಕೆ ಅದು ವಿಷ. ಒಂದೇ ಬೆಳೆಯಿಂದ ಹೊರಬರಲು ಬಿಡದ ಬೀಗ ಇದೇ. ಅಕ್ಕಡಿ ಹಾಕುವ ವರ್ಷ ಅದರ ಬದಲು ಪೆಂಡಿಮೆಥಾಲಿನ್ 30 ಇಸಿ, ಎಕರೆಗೆ 1.3 ಲೀಟರ್, ಬಿತ್ತಿದ ಎರಡು ದಿನದೊಳಗೆ, ಹಸಿ ಮಣ್ಣಿನ ಮೇಲೆ. ಬೀಜ ಎರಡು ಇಂಚು ಆಳದಲ್ಲಿರಲಿ. 6 ಸಾಲು ಗೋವಿನಜೋಳಕ್ಕೆ 2 ಸಾಲು ತೊಗರಿ. ಪೂರ್ತಿ ಬಿಡಲು ಧೈರ್ಯ ಸಾಲದಿದ್ದರೆ ವರ್ಷಕ್ಕೆ ಒಂದೊಂದು ಎಕರೆಯಂತೆ ಶೇಂಗಾ ಅಥವಾ ಸೋಯಾಕ್ಕೆ ತಿರುಗಿಸಿ. ಆ ಎಕರೆಗೆ ಹಿಂದಿನ ಹಂಗಾಮಿನಲ್ಲೇ ಅಟ್ರಾಜಿನ್ ನಿಲ್ಲಿಸಿರಬೇಕು.